ಒಂಟಿ ಹಳಿಯ ಗುಂಡೂ ಗಣಕಯಂತ್ರದ ಬೀಗವೂ

ನಲವತ್ತು ವಿದ್ಯಾರ್ಥಿಗಳು ಪ್ರಾಯೋಗಿಕ ಪರೀಕ್ಷೆಗೆ ಕುಳಿತಿದ್ದರು. ನಲವತ್ತು ಜನರೂ ಬರೆದು ಎದ್ದು ಹೋದರು. ಆದರೆ ಅಂಕಗಳ ಪಟ್ಟಿಯಲ್ಲಿ ಮೂವತ್ತೊಂದೇ ಹೆಸರುಗಳಿದ್ದವು. ಇದು ಯಾವ ಕಾಲೇಜಿನಲ್ಲಿ ನಡೆಯಿತೆಂಬುದನ್ನು ಹೇಳುವ ಅಗತ್ಯವಿಲ್ಲ. ತಪ್ಪು ಯಾರದೆಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು: ಅದು ನಮ್ಮದೇ.

ಪ್ರಯೋಗಶಾಲೆಯಲ್ಲಿ ನಲವತ್ತು ಗಣಕಯಂತ್ರಗಳಿದ್ದವು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಳತೆಗಳನ್ನೂ ಅವುಗಳಿಂದ ಕಂಡುಹಿಡಿದ ಬೆಲೆಯನ್ನೂ ತನ್ನೆದುರಿನ ಯಂತ್ರದಲ್ಲಿ ಬರೆದಿಟ್ಟಿದ್ದನು. ಅವುಗಳನ್ನೆಲ್ಲ ಒಂದೊಂದಾಗಿ ಕೈಯಿಂದ ಸಂಗ್ರಹಿಸುವುದು ಬೇಸರದ ಕೆಲಸವಾದುದರಿಂದ ನಾವು ಆನ್ಸಿಬಲ್ ಎಂಬ ಸಾಧನಕ್ಕೆ ಆ ಭಾರವನ್ನು ಒಪ್ಪಿಸಿದೆವು. ಆಜ್ಞೆ ಬಹು ಸರಳವಾದುದು. ಪ್ರತಿಯೊಂದು ಯಂತ್ರದಿಂದ ಒಂದು ಸಾಲನ್ನು ತೆಗೆದುಕೊಂಡು, ಅಧ್ಯಾಪಕರ ಯಂತ್ರದಲ್ಲಿರುವ ಒಂದೇ ಕಡತದ ಕೊನೆಗೆ ಸೇರಿಸಬೇಕು, ಅಷ್ಟೆ. ಹಿಂದಿನ ದಿನ ಎರಡು ಯಂತ್ರಗಳ ಮೇಲೆ ಪರೀಕ್ಷಿಸಿ ನೋಡಿದ್ದೆವು, ಸರಿಯಾಗಿಯೇ ನಡೆದಿತ್ತು. ಪರೀಕ್ಷೆಯ ದಿನ ಸಾಧನವು ನಲವತ್ತು ಯಂತ್ರಗಳ ಎದುರಿಗೂ ಕೆಲಸ ಆಯಿತೆಂದು ಗುರುತು ತೋರಿಸಿತು. ಒಂದಾದರೂ ಸೋಲಿನ ವರದಿ ಇರಲಿಲ್ಲ. ಸಂಜೆ ಪಟ್ಟಿಯನ್ನು ಮುದ್ರಿಸಲು ಹೋದ ಪ್ರಯೋಗಶಾಲೆಯ ಸಹಾಯಕನು ಹಿಂದಿರುಗಿ ಬಂದು, “ಸರ, ಒಂಬತ್ತು ಹುಡುಗರ ನಂಬರ ಇದರಾಗ ಇಲ್ಲರೀ, ಗೈರುಹಾಜರಿ ಅಂತ ಬರೀಲೇನರೀ?” ಎಂದು ಕೇಳಿದನು.

ಆತನು ಕೇಳಿದ್ದು ಪುಣ್ಯ. ಕೇಳದೆ ಬರೆದುಬಿಟ್ಟಿದ್ದರೆ, ಮೂರು ಗಂಟೆಗಳ ಕಾಲ ಲೋಲಕದ ಮುಂದೆ ನಿಂತು ಆವರ್ತನಗಳನ್ನೆಣಿಸಿದ ಒಂಬತ್ತು ಜನರು ಪರೀಕ್ಷೆಗೇ ಬಾರದವರಾಗುತ್ತಿದ್ದರು. ಅವರಲ್ಲಿ ಇಬ್ಬರು ವಿದ್ಯಾರ್ಥಿವೇತನದಿಂದ ಓದುತ್ತಿದ್ದವರು. ಒಂದು ಗೈರುಹಾಜರಿ ಅವರಿಗೆ ಬರಿಯ ಒಂದು ಗುರುತಲ್ಲ. ಮೂಲ ಬರಹಗಳು ಅವರವರ ಯಂತ್ರಗಳಲ್ಲಿ ಹಾಗೆಯೇ ಉಳಿದಿದ್ದುದರಿಂದ ಪಟ್ಟಿಯನ್ನು ತಿದ್ದಲು ಸಾಧ್ಯವಾಯಿತು. ಆದರೆ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದದ್ದೇನು? ಒಂದು ಕಡತದ ಕೊನೆಗೆ ಸಾಲು ಸೇರಿಸುವುದೆಂಬುದು ಹೇಳುವುದಕ್ಕೆ ಒಂದು ಕೆಲಸ. ನಡೆಯುವಾಗ ಅದು ಮೂರು ಕೆಲಸ. ಮೊದಲು ಇರುವ ಕಡತವನ್ನು ಓದಿಕೊಳ್ಳಬೇಕು. ಓದಿದುದಕ್ಕೆ ಹೊಸ ಸಾಲನ್ನು ಜೋಡಿಸಬೇಕು. ಜೋಡಿಸಿದುದನ್ನು ಹಿಂದಕ್ಕೆ ಬರೆಯಬೇಕು. ಆನ್ಸಿಬಲ್ ಸಾಧನವು, ನಾವು ಬೇರೆ ಹೇಳದಿದ್ದರೆ, ಐದು ಯಂತ್ರಗಳ ಕೆಲಸವನ್ನು ಒಟ್ಟಿಗೆ ನಡೆಸುತ್ತದೆ. ಐವರು ಗುಮಾಸ್ತರು ಒಂದೇ ಹಾಜರಿ ಪುಸ್ತಕದ ಪ್ರತಿಯನ್ನು ಒಂದೇ ಗಳಿಗೆಯಲ್ಲಿ ಮಾಡಿಕೊಂಡು, ತಂತಮ್ಮ ಪ್ರತಿಯಲ್ಲಿ ಒಂದೊಂದು ಹೆಸರನ್ನು ಬರೆದು, ಒಬ್ಬರಾದ ಮೇಲೊಬ್ಬರು ಬಂದು ಹಳೆಯ ಪುಸ್ತಕವನ್ನು ತೆಗೆದು ತಮ್ಮದನ್ನು ಇಟ್ಟು ಹೋದರೆಂದು ಭಾವಿಸಿರಿ. ಕೊನೆಗೆ ಇಟ್ಟವನ ಪುಸ್ತಕ ಉಳಿಯುತ್ತದೆ; ಉಳಿದ ನಾಲ್ಕು ಹೆಸರುಗಳು ಅಳಿಯುತ್ತವೆ. ಐವರಲ್ಲಿ ಒಬ್ಬನೂ ಸುಳ್ಳು ಹೇಳಿಲ್ಲ. ‘ನಾನು ಬರೆದೆ’ ಎಂಬ ಪ್ರತಿಯೊಬ್ಬನ ವರದಿಯೂ ನಿಜವೇ. ನಿಜವಾದ ನಲವತ್ತು ವರದಿಗಳಿಂದ ಸುಳ್ಳಾದ ಒಂದು ಪಟ್ಟಿ ಹೀಗೆ ಹುಟ್ಟಿತು.

ಇಂಥ ಸಾಧನಗಳನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಒಂದೆರಡು ಯಂತ್ರಗಳನ್ನು ಕೈಯಿಂದಲೇ ಹದಗೊಳಿಸಬಹುದು. ನೂರು, ಸಾವಿರ ಯಂತ್ರಗಳಾದರೆ, ಅವು ಹೇಗಿರಬೇಕೆಂಬುದನ್ನು ಒಂದು ಕಡೆ ಬರೆದಿಟ್ಟು, ಆ ಬರಹಕ್ಕೆ ಹೊಂದುವಂತೆ ಎಲ್ಲವನ್ನೂ ತಾನಾಗಿ ತಿದ್ದುವ ಒಂದು ಮೇಲ್ವಿಚಾರಕ ಬೇಕಾಗುತ್ತದೆ. ಇದಕ್ಕೆ ಸಂರಚನಾ ನಿರ್ವಹಣೆ ಎಂದು ಹೆಸರು. ಇವುಗಳಲ್ಲಿ ಹಿರಿಯದಾದ ಸಿಎಫ್‌ಎಂಜಿನ್ ಎಂಬುದನ್ನು 1993ರಲ್ಲಿ ಆಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ ಎಂಬವರು ರಚಿಸಿದರು. ಅವರು ಸೈದ್ಧಾಂತಿಕ ಭೌತವಿಜ್ಞಾನದವರೆಂಬುದನ್ನು ತುಸು ಹೆಮ್ಮೆಯಿಂದಲೇ ಹೇಳುತ್ತೇವೆ. 2005ರಲ್ಲಿ ಪಪೆಟ್, 2011ರಲ್ಲಿ ಸಾಲ್ಟ್, 2012ರಲ್ಲಿ ಆನ್ಸಿಬಲ್ ಬಂದವು. ಈ ಕೊನೆಯ ಹೆಸರು ಉರ್ಸುಲಾ ಲೆ ಗ್ವಿನ್ ಎಂಬ ಕಾದಂಬರಿಕಾರ್ತಿ 1966ರಲ್ಲಿ ಕಲ್ಪಿಸಿದ ಒಂದು ಯಂತ್ರದ ಹೆಸರು. ಎಷ್ಟೇ ಜ್ಯೋತಿರ್ವರ್ಷಗಳ ದೂರವಿದ್ದರೂ ಸಂದೇಶವನ್ನು ಆ ಕ್ಷಣದಲ್ಲಿಯೇ ಮುಟ್ಟಿಸುವ ಯಂತ್ರವದು. ಬೆಳಕಿಗಿಂತ ವೇಗವಾಗಿ ಸಂದೇಶ ಹೋಗಲಾರದೆಂದು ತರಗತಿಯಲ್ಲಿ ಪಾಠ ಹೇಳುವ ನಮಗೆ ಈ ಹೆಸರನ್ನು ಕಂಡಾಗಲೆಲ್ಲ ನಗು ಬರುತ್ತದೆ. ಆದರೂ ವಿಷಯ ಬರಿಯ ನಗುವಿನದಲ್ಲ. ‘ಎಲ್ಲ ಕಡೆಯೂ ಒಂದೇ ಕ್ಷಣದಲ್ಲಿ’ ಎಂಬ ಆಸೆ ಆ ಹೆಸರಿನಲ್ಲಿಯೇ ಇದೆಯಲ್ಲವೆ?

ಈಗ ವಾಚಕರು ನಮ್ಮೊಡನೆ ರಾಯಾಪುರದವರೆಗೆ ಬರಬೇಕು. ಹುಬ್ಬಳ್ಳಿ ಧಾರವಾಡಗಳ ನಡುವಿನ ಈ ಊರಿನಲ್ಲಿ ರಸ್ತೆಯ ಮಗ್ಗುಲಿಗೆ ನಿಂತರೆ, 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳು ತಮಗಾಗಿಯೇ ಬಿಟ್ಟ ಪಥದಲ್ಲಿ ಸಾಗುವುದನ್ನು ನೋಡಬಹುದು. ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿದ್ದರೆ, ನಿಲ್ಲಬೇಕಿಲ್ಲದ ಇನ್ನೊಂದು ಬಸ್ಸು ಪಕ್ಕದ ಪಥದಿಂದ ದಾಟಿ ಮುಂದಕ್ಕೆ ಹೋಗುತ್ತದೆ. ದಾರಿ ಎರಡಿರುವಾಗ ಎರಡು ಬಸ್ಸು ಒಟ್ಟಿಗೆ ಓಡಿದರೆ ಯಾರಿಗೂ ಕೇಡಿಲ್ಲ. ರಸ್ತೆಯಿಂದ ಸ್ವಲ್ಪ ದೂರದಲ್ಲಿ ಉಣಕಲ್ಲು, ಅಮರಗೋಳ, ನವಲೂರುಗಳ ಮೂಲಕ ಧಾರವಾಡಕ್ಕೆ ರೈಲುದಾರಿ ಹೋಗಿದೆ. (ನವಲೂರಿನ ಹೆಸರು ಬಂದ ಮೇಲೆ ಅಲ್ಲಿಯ ಪೇರಲ ಹಣ್ಣನ್ನು ನೆನೆಯದೆ ಮುಂದುವರಿಯುವುದು ಕಷ್ಟ, ಆದರೂ ಮುಂದುವರಿಯುತ್ತೇವೆ.) ಈ ದಾರಿ ಬಹುಕಾಲ ಒಂಟಿ ಹಳಿಯದಾಗಿತ್ತು. ಒಂಟಿ ಹಳಿಯ ಮೇಲೆ ಎರಡು ಕಡೆಯಿಂದ ಗಾಡಿಗಳು ಬರಬೇಕು, ಆದರೆ ಎರಡು ಎದುರುಬದುರಾಗಬಾರದು. ಇಂದಿನ ಗಣಕಯಂತ್ರದ ಪಂಡಿತರ ತಲೆನೋವೂ ಇದೇ.

ರೈಲ್ವೆಯವರು ಇದಕ್ಕೆ ಕಂಡುಕೊಂಡ ಉಪಾಯ ಬಹು ಸೊಗಸಾದುದು. ಬಾಲ್ಯದಲ್ಲಿ ಸಣ್ಣ ನಿಲ್ದಾಣಗಳಲ್ಲಿ ನಿಂತು ನೋಡಿದವರಿಗೆ ಅದರ ನೆನಪಿರಬಹುದು. ಗಾಡಿ ನಿಧಾನವಾದೊಡನೆ ಚಾಲಕನು ಒಂದು ದೊಡ್ಡ ಬೆತ್ತದ ಬಳೆಯನ್ನು ಕೆಳಕ್ಕೆ ಎಸೆದು, ಕೆಳಗೆ ನಿಂತವನು ಎತ್ತಿ ಹಿಡಿದ ಇನ್ನೊಂದು ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದನು. ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಉಕ್ಕಿನ ಗುಂಡು ಇರುತ್ತಿತ್ತು. ಅದೇ ಟೋಕನ್. ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿದ್ದುದು ನೀಲ್ ಎಂಬವರ ಹೆಸರಿನ ಗುಂಡಿನ ಯಂತ್ರ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ. ಎರಡಕ್ಕೂ ವಿದ್ಯುತ್ತಿನ ತಂತಿಯ ಸಂಬಂಧ. ಈ ಕಡೆಯ ಸ್ಟೇಶನ್ ಮಾಸ್ತರರು ಗುಂಡನ್ನು ತೆಗೆಯಬೇಕಾದರೆ ಆ ಕಡೆಯವರ ಒಪ್ಪಿಗೆ ಬೇಕು. ಒಮ್ಮೆ ಒಂದು ಗುಂಡು ಹೊರಗೆ ಬಂದಿತೆಂದರೆ, ಅದು ಎರಡರಲ್ಲಿ ಒಂದು ಯಂತ್ರದೊಳಕ್ಕೆ ಹಿಂದಿರುಗಿ ಬೀಳುವವರೆಗೆ ಯಾವ ಕಡೆಯಿಂದಲೂ ಇನ್ನೊಂದು ಗುಂಡು ಹೊರಬೀಳುವುದಿಲ್ಲ. ಚಾಲಕನ ಕೈಯಲ್ಲಿ ಗುಂಡಿಲ್ಲದೆ ಗಾಡಿ ಆ ಭಾಗವನ್ನು ಹೊಗುವಂತಿಲ್ಲ. ಮಾಸ್ತರರ ಜ್ಞಾಪಕಶಕ್ತಿಯನ್ನಾಗಲಿ ಚಾಲಕನ ಸಜ್ಜನಿಕೆಯನ್ನಾಗಲಿ ಇಲ್ಲಿ ನೆಚ್ಚಿಕೊಂಡಿಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯ ಗುಂಡು ಬರುವುದೇ ಇಲ್ಲ, ಮಾತು ಮುಗಿಯಿತು.

ಗಣಕಶಾಸ್ತ್ರಕ್ಕೆ ಈ ವಿದ್ಯೆ ರೈಲ್ವೆಯಿಂದಲೇ ಬಂದಿತೆನ್ನಲು ಸಂಕೋಚಪಡಬೇಕಾಗಿಲ್ಲ. 1960ರ ದಶಕದ ಮೊದಲ ಭಾಗದಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರ ಅವರು, ಒಂದೇ ವಸ್ತುವನ್ನು ಹಲವು ಕಾರ್ಯಗಳು ಒಟ್ಟಿಗೆ ಮುಟ್ಟದಂತೆ ತಡೆಯುವ ಒಂದು ಎಣಿಕೆಯ ಗುರುತನ್ನು ಬಳಕೆಗೆ ತಂದು, ಅದಕ್ಕೆ ಸೆಮಫೋರ್ ಎಂದು, ಎಂದರೆ ರೈಲ್ವೆಯ ಕೈಮರ ಎಂದು ಹೆಸರಿಟ್ಟರು. ಇವರೂ ಲೈಡನ್ನಿನಲ್ಲಿ ಭೌತವಿಜ್ಞಾನವನ್ನು ಓದಿದವರೇ. ಇವರು 1965ರಲ್ಲಿ ಕೇಳಿದ ಒಂದು ಲೆಕ್ಕದಿಂದ ಹುಟ್ಟಿದ, ಮೇಜಿನ ಸುತ್ತ ಕುಳಿತು ಎರಡೆರಡು ಫೋರ್ಕುಗಳಿಗಾಗಿ ಕಾಯುವ ಐವರು ತತ್ತ್ವಜ್ಞಾನಿಗಳ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಒಂದೇ ಕೈಯಿಂದ ಜೋಳದ ರೊಟ್ಟಿಯನ್ನು ಮುರಿದು ಉಣ್ಣಬಲ್ಲ ಧಾರವಾಡದ ಹುಡುಗನಿಗೆ ಈ ತತ್ತ್ವಜ್ಞಾನಿಗಳ ಕಷ್ಟವೇನೆಂದು ಅರ್ಥವಾಗದೆ ಹೋದರೆ ಅದು ಅವನ ತಪ್ಪಲ್ಲ. ಟೋಕನ್ನಿನ ಗುಂಡನ್ನು ಒಮ್ಮೆ ಕೈಯಲ್ಲಿ ಕೊಟ್ಟು ಪಾಠ ಹೇಳಿದರೆ ಅವನು ಆಯುಷ್ಯವಿಡೀ ಮರೆಯಲಾರನು ಎಂಬುದು ನಮ್ಮ ಅನುಭವ.

“ಇದೆಲ್ಲ ಅಪರೂಪಕ್ಕೊಮ್ಮೆ ಆಗುವ ಸಂಗತಿ, ಇದಕ್ಕಾಗಿ ವೇಗವನ್ನು ಬಿಟ್ಟುಕೊಡುವುದೇ?” ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಅಪರೂಪವೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ನಮ್ಮ ಪ್ರಯೋಗಶಾಲೆಯಲ್ಲಿ ಐದೈದು ಕೆಲಸಗಳು ಒಟ್ಟಿಗೆ ಹೊರಟಿದ್ದರಿಂದ ಡಿಕ್ಕಿ ಸಹಜವೇ ಆಗಿತ್ತು. ಅದನ್ನು ಬಿಟ್ಟು, ನಲವತ್ತು ಯಂತ್ರಗಳೂ ಒಂದು ನಿಮಿಷದೊಳಗೆ ತಮಗೆ ತೋಚಿದ ಗಳಿಗೆಯಲ್ಲಿ ಕಡತವನ್ನು ಮುಟ್ಟುತ್ತವೆಂದೂ, ಓದಿ ಬರೆಯುವುದಕ್ಕೆ ಪ್ರತಿಯೊಂದಕ್ಕೂ ಸೆಕೆಂಡಿನ ನೂರರಲ್ಲೊಂದು ಭಾಗ ಸಾಕೆಂದೂ ಇಟ್ಟುಕೊಳ್ಳೋಣ. ಯಾವುದಾದರೂ ಎರಡು ಯಂತ್ರಗಳನ್ನು ಆರಿಸಿದರೆ ಅವು ಒಂದಕ್ಕೊಂದು ಅಡ್ಡ ಬರುವ ಸಂಭವ ಸುಮಾರು 3000ದಲ್ಲಿ ಒಂದು. ಇದನ್ನು ಕಂಡು ಯಾರಾದರೂ ನೆಮ್ಮದಿಯಿಂದ ಮಲಗಬಹುದು. ಆದರೆ ನಲವತ್ತು ಯಂತ್ರಗಳಲ್ಲಿ ಎರಡೆರಡರ ಜೋಡಿಗಳೆಷ್ಟು? 780. ಆಗ ಎಲ್ಲಿಯಾದರೂ ಒಂದು ಡಿಕ್ಕಿ ಆಗುವ ಸಂಭವ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ! ಯಂತ್ರಗಳ ಸಂಖ್ಯೆ ಇಮ್ಮಡಿಯಾದರೆ ಜೋಡಿಗಳ ಸಂಖ್ಯೆ ಸುಮಾರು ನಾಲ್ಮಡಿಯಾಗುತ್ತದೆ. ಎರಡು ಯಂತ್ರಗಳ ಮೇಲೆ ಪರೀಕ್ಷಿಸಿದಾಗ ಕಾಣದ ತಪ್ಪು ನಲವತ್ತರ ಮೇಲೆ ಎದ್ದು ನಿಲ್ಲುವುದಕ್ಕೆ ಕಾರಣ ಇದೇ. ನಮ್ಮ ಹಿಂದಿನ ದಿನದ ಪರೀಕ್ಷೆಗೆ ಏನೂ ಬೆಲೆಯಿರಲಿಲ್ಲ. ಭೌತವಿಜ್ಞಾನದವರಾಗಿದ್ದೂ ನಾವು ಈ ಲೆಕ್ಕವನ್ನು ಮೊದಲೇ ಹಾಕದೆ ಹೋದೆವು.

ಹಾಗಾದರೆ ಎಲ್ಲವನ್ನೂ ಒಂದಾದ ಮೇಲೊಂದರಂತೆ ಮಾಡಬೇಕೇ? ಅದೂ ಅವಿವೇಕ. ಒಂದು ಯಂತ್ರದ ಪೂರ್ತಿ ಕೆಲಸಕ್ಕೆ ಮೂರು ನಿಮಿಷ ಹಿಡಿಯುವುದಾದರೆ, ನಲವತ್ತಕ್ಕೆ ಎರಡು ಗಂಟೆ ಬೇಕು. ಐದೈದಾಗಿ ನಡೆಸಿದರೆ ಇಪ್ಪತ್ತನಾಲ್ಕು ನಿಮಿಷಗಳಲ್ಲಿ ಮುಗಿಯುತ್ತದೆ. ತಂತಮ್ಮ ಯಂತ್ರದೊಳಗೆ ಮಾಡುವ ಕೆಲಸಗಳು ಜೋಡಿ ಪಥದ ಬಸ್ಸುಗಳಂತೆ. ಅವು ಒಟ್ಟಿಗೆ ಓಡಲಿ. ಒಂದೇ ಕಡತವನ್ನು ಮುಟ್ಟುವ ಆ ಒಂದು ಹೆಜ್ಜೆ ಮಾತ್ರ ಒಂಟಿ ಹಳಿ. ಆನ್ಸಿಬಲ್‌ನಲ್ಲಿ ಇದಕ್ಕೆ ಎರಡು ಬಗೆಯ ಕಡಿವಾಣಗಳಿವೆ. ಸೀರಿಯಲ್ ಎಂಬುದನ್ನು ಒಂದಕ್ಕೆ ಇಳಿಸಿದರೆ ಒಂದು ಯಂತ್ರದ ಎಲ್ಲ ಕೆಲಸವೂ ಮುಗಿದ ಮೇಲೆಯೇ ಇನ್ನೊಂದರದು ಆರಂಭವಾಗುತ್ತದೆ. ಇದು ಎರಡು ಗಂಟೆಯ ದಾರಿ. 2019ರಲ್ಲಿ ಬಂದ ಥ್ರಾಟಲ್ ಎಂಬುದನ್ನಾದರೋ ಬೇಕಾದ ಒಂದೇ ಹೆಜ್ಜೆಗೆ ತೊಡಿಸಬಹುದು. ನಮ್ಮ ಆಜ್ಞಾಪತ್ರಕ್ಕೆ ಅದೊಂದು ಸಾಲನ್ನು ಸೇರಿಸಿದ್ದರಿಂದ ಹೆಚ್ಚಾಗಿ ಹಿಡಿದ ಕಾಲ ಒಂದೂವರೆ ನಿಮಿಷಕ್ಕಿಂತಲೂ ಕಡಿಮೆ. ಒಂಬತ್ತು ಹುಡುಗರ ಪರೀಕ್ಷೆಗೆ ಒಂದೂವರೆ ನಿಮಿಷ!

ಇಷ್ಟಕ್ಕೇ ಸಮಸ್ಯೆ ಮುಗಿಯಿತೆಂದು ನಾವೂ ಕೆಲವು ದಿನ ನಂಬಿದ್ದೆವು. ಥ್ರಾಟಲ್ ಎಂಬುದು ಒಂದು ಓಟದೊಳಗಿನ ಶಿಸ್ತು. ನಾವು ಕಾಲೇಜಿನಲ್ಲಿ ಕುಳಿತು ಒಂದು ಓಟವನ್ನು ಆರಂಭಿಸಿದಾಗ, ಸಹೋದ್ಯೋಗಿಯೊಬ್ಬರು ಮನೆಯಿಂದ ಅದೇ ಓಟವನ್ನು ಆರಂಭಿಸಿದರೆ, ಒಂದಕ್ಕೆ ಇನ್ನೊಂದರ ಸುಳಿವೇ ಇರುವುದಿಲ್ಲ. ಇದು ತಂತಿಯ ಸಂಬಂಧವಿಲ್ಲದ ಎರಡು ಗುಂಡಿನ ಯಂತ್ರಗಳಂತೆ. ಪಪೆಟ್, ಸಾಲ್ಟ್ ಮುಂತಾದವು ಒಂದು ಯಂತ್ರದ ಮೇಲೆ ಓಟ ನಡೆಯುತ್ತಿರುವಾಗ ಇನ್ನೊಂದನ್ನು ತಾವಾಗಿಯೇ ನಿರಾಕರಿಸುತ್ತವೆ. ಆನ್ಸಿಬಲ್‌ನಲ್ಲಿ ಅಂಥ ಸಹಜವಾದ ತಡೆ ಇಲ್ಲ. ಬೇಕಾದವರು ಬೀಗವನ್ನು ತಾವೇ ಹಾಕಿಕೊಳ್ಳಬೇಕು. ಬೀಗವಿರಬೇಕಾದದ್ದು ಆಜ್ಞೆ ಕೊಡುವವನ ಬಳಿಯಲ್ಲಲ್ಲ. ಎಲ್ಲರೂ ಮುಟ್ಟುವ ಆ ವಸ್ತುವಿನ ಬಾಗಿಲಿಗೆ. ಸಾಧನವನ್ನು ರಚಿಸುವವರೇ ಇದನ್ನು ಮೊದಲಿನಿಂದ ಒಳಗಿಟ್ಟು, ಬೇಡವಾದವನು ಬಾಯಿಬಿಟ್ಟು ಬೇಡವೆನ್ನುವಂತೆ ಮಾಡಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ವೇಗ ಬೇಕೆನ್ನುವವನಿಗೆ ತನಗೆ ಬೇಕಾದದ್ದು ಗೊತ್ತಿರುತ್ತದೆ. ಬೀಗ ಬೇಕಾದವನಿಗೆ ಬೀಗ ಬೇಕೆಂಬುದು ಪೆಟ್ಟು ಬಿದ್ದ ಮೇಲೆಯೇ ತಿಳಿಯುವುದು.

ಬೀಗಕ್ಕೂ ತನ್ನದೇ ಆದ ಕಷ್ಟವಿದೆ. ಬೀಗ ಹಾಕಿದ ಕೆಲಸವು ನಡುವೆ ವಿದ್ಯುತ್ತು ಹೋಗಿ ಸತ್ತರೆ ಬೀಗ ಹಾಗೆಯೇ ಉಳಿಯಬಹುದು. “ಇಷ್ಟು ಹೊತ್ತು ಕಳೆದರೆ ಬೀಗವನ್ನು ಒಡೆಯಬಹುದು” ಎಂದು ಅವಧಿಯನ್ನು ಗೊತ್ತುಮಾಡುವುದು ಸುಲಭವಾಗಿ ತೋಚುವ ಪರಿಹಾರ. ಇದು ಅಪಾಯಕರವಾದದ್ದು. ರೈಲ್ವೆಯ ಮೊದಲ ದಿನಗಳಲ್ಲಿ ಈ ಅವಧಿಯ ಪದ್ಧತಿಯೇ ಇತ್ತು. ಮುಂದಿನ ಗಾಡಿ ಹೋಗಿ ಇಷ್ಟು ನಿಮಿಷವಾಯಿತು, ಆದುದರಿಂದ ದಾರಿ ಖಾಲಿಯಾಗಿರಬೇಕು ಎಂಬ ತರ್ಕ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ, ಮಕ್ಕಳು ತುಂಬಿದ್ದ ಒಂದು ವಿಹಾರದ ಗಾಡಿ ಏರನ್ನು ಹತ್ತಲಾರದೆ ನಿಂತಿತು. ಅದನ್ನು ಎರಡು ಭಾಗ ಮಾಡಿ ಸಾಗಿಸಹೊರಟಾಗ ಹಿಂದಿನ ಭಾಗ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಅವಧಿ ಮುಗಿಯಿತೆಂದು ಬಿಟ್ಟ ಇನ್ನೊಂದು ಗಾಡಿ ಅದೇ ಹಳಿಯ ಮೇಲೆ ಎದುರಿಗೆ ಬರುತ್ತಿತ್ತು. ಎಂಬತ್ತರಷ್ಟು ಜನ ಸತ್ತರು. ಅದೇ ವರ್ಷ ಬ್ರಿಟನ್ನಿನ ಪಾರ್ಲಿಮೆಂಟು ಅವಧಿಯ ಪದ್ಧತಿಯನ್ನು ಕೈಬಿಡಿಸುವ ಕಾನೂನನ್ನು ಮಾಡಿತು. ದಾರಿ ಖಾಲಿಯಾಗಿದೆಯೆಂಬುದಕ್ಕೆ ಗಡಿಯಾರ ಸಾಕ್ಷಿಯಲ್ಲ. ಸಿಎಫ್‌ಎಂಜಿನ್ ಈ ವಿಷಯದಲ್ಲಿ ವಿವೇಕದಿಂದ ನಡೆಯುತ್ತದೆ: ಅವಧಿ ಮೀರಿದಾಗ ಅದು ಬೀಗವನ್ನು ಸುಮ್ಮನೆ ಒಡೆಯದೆ, ಬೀಗ ಹಿಡಿದ ಹಳೆಯ ಕೆಲಸವನ್ನು ಮೊದಲು ನಿಲ್ಲಿಸಲು ಯತ್ನಿಸಿ, ಆಮೇಲೆ ಹೊಸದಕ್ಕೆ ಎಡೆಕೊಡುತ್ತದೆ.

ಏಕಕಾಲಿಕತೆಯ ಇನ್ನೊಂದು ಮುಖವನ್ನು ಲೋಕವೆಲ್ಲ 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಯಂತ್ರಗಳಿಗೆ ದೋಷವುಳ್ಳ ಒಂದು ಸಂರಚನಾ ಕಡತವನ್ನು ಕಳಿಸಿತು. ತಪ್ಪು ತಿಳಿದು ಅದನ್ನು ಹಿಂದೆಗೆದುಕೊಳ್ಳುವಷ್ಟರಲ್ಲಿ ಕಳೆದದ್ದು ಎಪ್ಪತ್ತೆಂಟು ನಿಮಿಷ. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನಿಂತುಹೋಗಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಇಲ್ಲಿ ಎರಡು ಕೆಲಸಗಳ ನಡುವೆ ಡಿಕ್ಕಿಯಾಗಲಿಲ್ಲ. ತಪ್ಪು ಕಡತದಲ್ಲಿಯೇ ಇತ್ತು. ಆದರೆ ಮೊದಲು ನೂರು ಯಂತ್ರಗಳಿಗೆ ಕಳಿಸಿ, ಅವು ಬದುಕಿರುವುದನ್ನು ನೋಡಿ, ಆಮೇಲೆ ಸಾವಿರಕ್ಕೆ ಕಳಿಸಿದ್ದರೆ ಕೆಡುತ್ತಿದ್ದದ್ದು ನೂರು ಮಾತ್ರ. ಆ ಸಂಸ್ಥೆಯೂ ಅನಂತರ ಇಂಥ ಕಡತಗಳನ್ನು ಹಂತಹಂತವಾಗಿಯೇ ಕಳಿಸುವುದಾಗಿ ಹೇಳಿತು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ಗೃಹಿಣಿಗೆ ಇದನ್ನು ಯಾರೂ ಕಲಿಸಿಕೊಟ್ಟಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ಈಗ ಎರಡು ಬೀಗಗಳಿವೆ. ಒಂದು ಅಧ್ಯಾಪಕರ ಯಂತ್ರದಲ್ಲಿ, ಆ ಕಡತದ ಪಕ್ಕದಲ್ಲಿಯೇ ಇದೆ. ಮನೆಯಿಂದ ಬಂದ ಓಟವೂ ಅದರ ಮುಂದೆ ನಿಲ್ಲಲೇಬೇಕು. ಇನ್ನೊಂದು ಗೋಡೆಯ ಮೊಳೆಗೆ ತೂಗುಹಾಕಿದ, ಲೋಲಕದ ಒಂದು ಹಿತ್ತಾಳೆಯ ಗುಂಡು. ಪ್ರಯೋಗಶಾಲೆಯಲ್ಲಿ ಇರುವವರು ನಲವತ್ತು ಯಂತ್ರಗಳಿಗೂ ತಾಗುವ ಆಜ್ಞೆಯನ್ನು ಕೊಡಬೇಕಾದರೆ ಅದನ್ನು ತೆಗೆದು ತಮ್ಮ ಮೇಜಿನ ಮೇಲಿಟ್ಟುಕೊಳ್ಳಬೇಕು. ಮೊಳೆ ಬರಿದಾಗಿದ್ದರೆ ಕಾಯಬೇಕು. ಯಂತ್ರದೊಳಗಿನ ಬೀಗವಿರುವಾಗ ಇದೇತಕ್ಕೆಂದು ಮಿತ್ರರು ನಗುತ್ತಾರೆ. ಒಳಗಿನ ಬೀಗವು ಯಂತ್ರಗಳಿಗೆ, ಹೊರಗಿನ ಗುಂಡು ಮನುಷ್ಯರಿಗೆ ಎಂದು ನಾವು ಉತ್ತರ ಕೊಡುತ್ತೇವೆ. ಹೋದ ತಿಂಗಳು ಒಂದು ದಿನ ಮಾತ್ರ ಬೆಳಗಿನಿಂದ ಮೊಳೆ ಬರಿದಾಗಿತ್ತು. ಯಾರ ಮೇಜಿನ ಮೇಲೂ ಗುಂಡಿರಲಿಲ್ಲ. ಯಂತ್ರಗಳ ಕೆಲಸವೆಲ್ಲ ನಿಂತಿತು. ಸಂಜೆ ವಿಚಾರಿಸಿದಾಗ, ಎರಡನೆಯ ವರ್ಷದ ಹುಡುಗರು ಗುರುತ್ವದ ಬೆಲೆಯನ್ನು ಕಂಡುಹಿಡಿಯಲು ಅದನ್ನು ದಾರಕ್ಕೆ ಕಟ್ಟಿ ತೂಗಾಡಿಸುತ್ತಿದ್ದರೆಂದು ತಿಳಿದುಬಂತು. ಅವರಿಗೆ ಬಂದ ಬೆಲೆ ಸೆಕೆಂಡಿನ ವರ್ಗಕ್ಕೆ 9.7 ಮೀಟರು, ಗುಂಡನ್ನು ಮತ್ತೆ ಮೊಳೆಗೆ ಹಾಕಿದ ಮೇಲೆಯೇ ಅವರ ಪುಸ್ತಕಕ್ಕೆ ಸಹಿ ಮಾಡಿದೆವು.